ಸಣ್ಣವ್ವನ ಕೆಮ್ಮು

ಪುಂಡಿಪಲ್ಯ ಕುದಿಯುವ ಹುಳಿ ವಾಸನೆ ಬಂದರೆ ನಾನು ಈಗಲೂ ಅಡುಗೆಮನೆಯಿಂದ ಎದ್ದು ಹೋಗುತ್ತೇನೆ.

ಪಾಮನಕಲ್ಲೂರಿನ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಹೆಂಡತಿ ಸಣ್ಣವ್ವನಿಗೆ ಉಣ್ಣಲು ಕೂತರೆ ಕೆಮ್ಮು. ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಗಂಟಲು ಕಟ್ಟಿ, ಓಕರಿಸುತ್ತ ಬಚ್ಚಲಿಗೆ ಓಡುತ್ತಿದ್ದಳು. ಚಿಕ್ಕಪ್ಪ ಪಿತ್ತವೆಂದ, ನೆರೆಯವರು ದೃಷ್ಟಿಯೆಂದರು. ಅಜ್ಜಿ ಮಾತ್ರ, "ತವರೂರು ಮುಕ್ಕುಂದದಾಗ ಬಿಳಿ ಅನ್ನ ಉಂಡು ಬೆಳೆದಾಕಿ. ನಮ್ಮ ಜ್ವಾಳದ ರೊಟ್ಟಿ ಹೆಂಗ ಇಳೀತೈತಿ? ನಾಟಕ ಮಾಡಾಕತ್ತಾಳ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಎಲ್ಲರೂ ಕೂತಿದ್ದೆವು. ಸಣ್ಣವ್ವ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಓಡಿದಳು. ಎಂಟು ವರ್ಷದ ನಾನು ಕುತ್ತಿಗೆ ಹಿಡಿದು, ಕಣ್ಣು ಮೇಲೆ ಮಾಡಿ, ಅವಳಂತೆಯೇ ಓಕರಿಸಿ ತೋರಿಸಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚಿಕ್ಕಪ್ಪನೂ ನಕ್ಕ. ತಿರುಗಿ ನೋಡಿದರೆ ಸಣ್ಣವ್ವ ಬಾಗಿಲಲ್ಲಿ ನಿಂತಿದ್ದಳು.

"ನನಗಿಂತ ನೀನಾ ಛಲೋ ಮಾಡ್ತೀ ಬೇ" ಎಂದು ಅವಳೂ ನಕ್ಕಳು. ತನ್ನ ತಟ್ಟೆಯ ರೊಟ್ಟಿಯನ್ನು ಎಮ್ಮೆಗೆ ಹಾಕಿ ಬಂದಳು.

ಮರುದಿನದಿಂದ ಅವಳು ನಮ್ಮೊಂದಿಗೆ ಕೂರಲಿಲ್ಲ. "ಆಮ್ಯಾಲೆ ಉಣ್ತೀನ್ರಿ" ಎನ್ನುತ್ತಿದ್ದಳು. ಉಂಡಳೋ ಇಲ್ಲವೋ ಯಾರೂ ಕೇಳಲಿಲ್ಲ. ಕೈಬಳೆಗಳು ಮೊಣಕೈತನಕ ಜಾರತೊಡಗಿದಾಗ ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದರು, ನಾನೂ ಹೋಗಿದ್ದೆ. ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಹೊರಗೆ ಬಂದು, "ಅನ್ನನಾಳದಾಗ ಗಂಟು ಬೆಳೆದು ದಾರಿನಾ ಮುಚ್ಚೈತಿ. ಬಾಳ ತಡ ಮಾಡೀರಿ. ಇಷ್ಟು ದಿನ ಯಾರಿಗೂ ಕಾಣಲಿಲ್ಲೇನ್ರಿ?" ಎಂದರು.

"ಆಕಿ ಬಾಯಿ ಬಿಟ್ಟು ಹೇಳಲೇ ಇಲ್ರಿ" ಎಂದಳು ಅಜ್ಜಿ.

ಹೌದೆಂದು ನಾನೂ ತಲೆಯಾಡಿಸಿದೆ.