ಲಂಡನ್ನಿಗೆ ಒಂಬತ್ತು ತಾಸು

ಭಾಗ್ಯಾ ಎರಡು ಕುರ್ಚಿಗಳನ್ನು ಗೋಡೆಗೆ ಒತ್ತಿಟ್ಟು, ಒಂದಕ್ಕೆ ಹಳೆಯ ಲಂಗದ ಲಾಡಿ ಕಟ್ಟತೊಡಗಿದಳು. ಅದರಲ್ಲಿ ಅವಳ ದೊಡ್ಡಪ್ಪ ಸಿದ್ದಲಿಂಗಪ್ಪ ಬಲಿ ಕೊಡಲು ತಂದವನ ಹಾಗೆ ಕುಳಿತಿದ್ದ.

"ಬಿಗಿ ಕಟ್ಟ. ವಿಮಾನದಾಗ ಹಿಂಗ ಕಟ್ಟತಾರಂತ," ಅಂದಳು ದೊಡ್ಡವ್ವ ಸಾವಂತ್ರವ್ವ.

ಮಾರ್ಕೆಟ್ ಯಾರ್ಡಿನಲ್ಲಿ ಸಿದ್ದಲಿಂಗಪ್ಪನ ಜೊತೆಗಿದ್ದ ಬೆಲ್ಲದ ವ್ಯಾಪಾರಿಗಳೆಲ್ಲ ಸೇರಿ ಲಂಡನ್ ಪ್ರವಾಸ ಹೊರಟಿದ್ದರು. ಬರುತ್ತೀರೋ ಇಲ್ಲವೋ ಎಂದು ನಾಳೆಯೇ ತಿಳಿಸಬೇಕು. ಸಾವಂತ್ರವ್ವ ಆಗಲೇ ತಾವಿದ್ದ ಕೋಥರೂಡ ಬಡಾವಣೆಯ ಬಿಲ್ಡಿಂಗಿನ ಹೆಂಗಸರಿಗೆಲ್ಲ ಹೊಸ ಸ್ವೆಟರ್ ತೋರಿಸಿ ಬಂದಿದ್ದಳು. ಅವಳಿಗಿದ್ದ ಹೆದರಿಕೆ ಒಂದೇ, ಗಂಡನ ಬಾಯಿ. ಎಲೆ ತಂಬಾಕಿಲ್ಲದ ಆ ಬಾಯನ್ನು ಯಾರೂ ಕಂಡವರಿಲ್ಲ. ಕಿಟಕಿಯಿಂದ ಉಗುಳಿದರೆ ಹಿಂದಿನವರಿಗೆ ಸಿಡಿಯುತ್ತದೆ ಎನ್ನುವಷ್ಟು ಸಂಭಾವಿತ ಬೇರೆ. ಎಪ್ಪತ್ತು ಕಿಲೋಮೀಟರಿನ ಶಿರೂರಿಗೆ ಹೋಗುವಾಗ ಮೂರು ಸಲ ಬಸ್ಸು ನಿಲ್ಲಿಸಿ ಇಳಿಯುತ್ತಿದ್ದ.

"ಮುಂಬೈಯಿಂದ ಲಂಡನ್ ಏಳು ಸಾವಿರದ ಇನ್ನೂರು ಕಿಲೋಮೀಟರ್. ಅಲ್ಲೀತನಕ ಎಷ್ಟು ಸಲ ನಿಲ್ಲಸತೀರಿ?"

"ಮುನ್ನೂರ ಎಂಟು," ಅಂದುಬಿಟ್ಟಳು ಭಾಗ್ಯಾ. ಏಳನೆಯ ಈಯತ್ತೆಗೆ ಶಾಲೆ ಬಿಟ್ಟರೂ ಗುಣಾಕಾರ ಅವಳನ್ನು ಬಿಟ್ಟಿರಲಿಲ್ಲ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಕೇಳಿದ್ರಿಲ್ಲ? ಒಂಬತ್ತು ತಾಸು ತಂಬಾಕಿಲ್ಲದ ಕುಂತು ತೋರಸ್ರಿ. ಇಲ್ಲಾಂದ್ರ ನಾನೂ ಹೋಗಂಗಿಲ್ಲ, ನೀವೂ ಹೋಗಂಗಿಲ್ಲ," ಎಂದು ಸಾವಂತ್ರವ್ವ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮುಂಜಾನೆ ಎಂಟಕ್ಕೆ ವಿಮಾನ ಹಾರಿತು. ಗಗನಸಖಿ ಭಾಗ್ಯಾ ಟ್ರೇ ಹಿಡಿದು ನಿಂತಳು.

ಮೊದಲ ತಾಸು ಸಿದ್ದಲಿಂಗಪ್ಪ ಬರೀ ಉಗುಳು ನುಂಗಿದ. ಎರಡನೆಯ ತಾಸಿಗೆ ಬಾಯಿ ತೆರೆದ. "ಚಹಾಕ್ಕ ಸಕ್ಕರಿ ಕಡಿಮಿ ಆಗೇದ."

ಹೆಂಗಸರಿಬ್ಬರೂ ಬೆಚ್ಚಿದರು. ಇಷ್ಟು ವರ್ಷ ಗದ್ದ ಮೇಲೆತ್ತಿ "ಹ್ಞೂಂ", "ಊಂಹ್ಞೂಂ" ಎನ್ನುತ್ತಿದ್ದವನಿಗೆ ಗಂಟೆ ಬಾರಿಸಿದಂಥ ಕಂಠವಿತ್ತು. ಆ ಗಂಟೆ ಮತ್ತೆ ನಿಲ್ಲಲಿಲ್ಲ. ಬೀಗರು ಮದುವೆಯಲ್ಲಿ ಕೊಟ್ಟ ಧೋತರ ಗಿಡ್ಡ ಆಗಿದ್ದು, ಕೊಲ್ಲಾಪುರದ ಬೆಲ್ಲದಲ್ಲಿ ಸಿಕ್ಕ ಚಪ್ಪಲಿ, ಎಲ್ಲ ಬಂತು.

"ನಿನ್ನ ತಮ್ಮ ಗುರಣ್ಣ ನಕ್ಕರ ಎಮ್ಮಿ ಕೆಮ್ಮಿದಂಗ ಆಗತದ. ಮತ್ತ ನಿನ್ನ ಸಾರು... ಅದರದೊಂದು ಮೂವತ್ತು ವರ್ಷದಿಂದ ಹೇಳಬೇಕಂತಿದ್ದೆ."

"ಮತ್ತ ಯಾಕ ಹೇಳಲಿಲ್ರಿ?"

"ಬಾಯಿ ತುಂಬಿತ್ತಲ್ಲ!"

ಹನ್ನೆರಡು ಗಂಟೆಗೆ ಸಾವಂತ್ರವ್ವ ಕಿವಿಯ ಮೇಲೆ ಸೆರಗು ಎಳೆದುಕೊಂಡಿದ್ದಳು. "ಒಂದ್ ಚೂರು ತಂಬಾಕ ಹಾಕ್ಕೋತೀರೇನ್ರಿ?" ಎಂದು ಮೆತ್ತಗೆ ಕೇಳಿದಳು.

"ಛೇ! ವಿಮಾನದಾಗ ನಡಿಯೂದಿಲ್ಲ," ಅಂದ ಸಿದ್ದಲಿಂಗಪ್ಪ. "ನಾಲ್ಕ ತಾಸು ಹೆಂಗ ಹೋತು ನೋಡು, ಗೊತ್ತಾಗಲಿಲ್ಲ. ಹೋಗೂದು ಪಕ್ಕಾ. ಹಾಂ, ನಿಮ್ಮ ಅಕ್ಕನ ಮದವ್ಯಾಗ ಏನಾತಂದ್ರ..."

ಸಾವಂತ್ರವ್ವ ಕೈ ಎತ್ತಿ ಗಗನಸಖಿಯನ್ನು ಕರೆದಳು. ಭಾಗ್ಯಾ ನಗು ತಡೆಯಲಾಗದೆ ಟ್ರೇಯಿಂದ ಮುಖ ಮುಚ್ಚಿಕೊಂಡಿದ್ದಳು.

"ಭಾಗ್ಯಾ, ನನಗ ಹಿಂದ ಎಲ್ಲ್ಯಾರ ಬ್ಯಾರೆ ಸೀಟು ಕೊಡವ್ವಾ."