ದೀಪ ಹಚ್ಚಿದವರು

"ಉಡಾವಣೆ ದಿನ ವಿಧವೆ ಕೈಲಿ ದೀಪ ಹಚ್ಚಿಸಿದ ಪುಣ್ಯಾತ್ಮ ಯಾರು?"

ರಾಕೆಟ್ ವಿಭಾಗದ ಮುಖ್ಯಸ್ಥರು ಯಾರ ಮುಖವನ್ನೂ ನೋಡದೆ ಕೇಳಿದರು. ದೇಶದ ಮೊಟ್ಟಮೊದಲ ಹವಾಮಾನ ಉಪಗ್ರಹವನ್ನು ಹೊತ್ತ ರಾಕೆಟ್ ಸಮುದ್ರಕ್ಕೆ ಬಿದ್ದು ವಾರವಾಗಿತ್ತು. ಆ ಉಪಗ್ರಹವನ್ನು ಕಟ್ಟಿದ್ದ, ಅಂದು ದೀಪವನ್ನೂ ಹಚ್ಚಿದ್ದ ವನಮಾಲಾ ಮೇಜಿನ ಆಚೆ ಬದಿಯಲ್ಲೇ ಕೂತಿದ್ದರು.

"ರಾಕೆಟ್ ಯಾಕೆ ದಾರಿ ತಪ್ಪಿತು ಅಂತ ಗೊತ್ತಾಯ್ತಾ ಸಾರ್?" ಎಂದರು ಅವರು.

"ದಿಕ್ಕು ಹಿಡಿಯೋ ಯಂತ್ರಾನ ನಮ್ಮವರು ಅಡ್ಡ ಕೂರಿಸಿಬಿಟ್ಟಿದ್ರಂತೆ. ಆದ್ರೆ ಅವರಿಗೆ ಅಂಥ ಬುದ್ಧಿ ಯಾಕೆ ಬಂತು ಹೇಳಿ?"

"ಅದನ್ನ ಕೂರಿಸಿದ್ದು ನಾನು ದೀಪ ಹಚ್ಚೋಕೆ ತಿಂಗಳು ಮೊದಲು."

"ಇರ್ಲಿ ಬಿಡಿ. ನಂಬಿಕೆ ಅಂತ ಒಂದಿರುತ್ತಲ್ಲ."

ದಿನವೂ ದೇವರ ಮುಂದೆ ಕೂತು ಹಾಡಿ ಬರುವ ವನಮಾಲಾ, ಬಾಯಿಯವರೆಗೆ ತಂದ ಕಾಫಿಯನ್ನು ಕೆಳಗಿಟ್ಟರು.

ಮುಖ್ಯಸ್ಥರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ನಕ್ಕರು. "ಮೇಡಂ, ನೀವು ಆ ಉಪಗ್ರಹದ ಜೊತೆಗೇ ಅಂಥದ್ದೇ ಇನ್ನೊಂದನ್ನೂ ಕಟ್ಟಿದ್ರಲ್ಲ, ಮುಂದಿನ ರಾಕೆಟ್ಟಿಗೆ ಅದನ್ನ ಕೊಡಿ."

"ಉಳಿದಿರೋದು ಅದೊಂದೇ ಸಾರ್."

"ಅದಕ್ಕೇ ಹೇಳ್ತಿರೋದು. ಈ ಸಲ ದೀಪ ನನ್ನ ಹೆಂಡ್ತಿ ಹಚ್ಚಲಿ. ನೀವು ಆವತ್ತು ಈ ಕಡೆ ಬರೋದು ಬೇಡ. ಯಂತ್ರ ಕೂರಿಸೋಕೆ ಅದೇ ಹುಡುಗರು ಇದ್ದಾರೆ, ಪಾಪ, ಒಳ್ಳೆಯವರು."

"ಕೊಡಲ್ಲ," ಎಂದರು ವನಮಾಲಾ.