ತಾತನ ಮರ ಕುಯ್ಯುವ ಮಿಷನ್ನು

ಈಗಲೂ ಎಲ್ಲಾದರೂ ಸೀಮೆಎಣ್ಣೆಯ ವಾಸನೆ ಬಂದರೆ ನಮ್ಮೂರು ದುದ್ದದ ಕೊಟ್ಟಿಗೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ತೀರಿಕೊಂಡ ಮೇಲೆ ಅವರ ಮರ ಕುಯ್ಯುವ ಮಿಷನ್ನನ್ನು ಯಾರೂ ಮುಟ್ಟಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆ ದಿನ ಅದನ್ನು ಅಟ್ಟದಿಂದ ಇಳಿಸಿ, ರಿಪೇರಿ ಮಾಡುತ್ತೇನೆಂದು ಬಿಚ್ಚಿಕೊಂಡು ಕೂತರು. ಹಳೇ ಬ್ರಷ್ಷಿನಿಂದ ಚೈನು ಉಜ್ಜುವುದು ನನ್ನ ಕೆಲಸ. ಮಿಷನ್ನಿಗೆಲ್ಲ ತುಕ್ಕು ಹಿಡಿದಿದ್ದರೂ ಚೈನಿನ ಹಲ್ಲುಗಳ ತುದಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಅಜ್ಜಿ ಕಂಬಕ್ಕೊರಗಿ ನೋಡುತ್ತಿದ್ದರು. ಹಿಂದಿನ ವಾರ ಅವರು ಮಳವಳ್ಳಿಯ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ನಮ್ಮ ಬದುವಿನ ಹಲಸಿನ ಮರ ಮಾಯವಾಗಿತ್ತು. ಪಕ್ಕದ ಮನೆಯ ಜವರಮ್ಮನ ಗಂಡನೇ ಕಡಿದದ್ದೆಂದು ಅಪ್ಪ ಜಗಳವಾಡಿದ್ದರು. ಜವರಮ್ಮನ ಮಗಳ ಜೊತೆ ಆಡಬಾರದೆಂದು ನನಗೂ ಹೇಳಿದ್ದರು.

ಅಪ್ಪ ಮಿಷನ್ನಿನ ಮುಚ್ಚಳ ತೆಗೆದಾಗ ಒಳಗಿಂದ ಹಳದಿ ಹೊಟ್ಟು ಉದುರಿತು. ಅಜ್ಜಿ ಬಗ್ಗಿ, ಒಂದು ಚಿಟಿಕೆ ತೆಗೆದು ಮೂಸಿದರು.

"ಅಲಸಿನ ಮರದ್ದು ಕಣ್ಲಾ ಇದು."

"ಅಪ್ಪನ ಕಾಲದ್ದು ಬುಡವ್ವ."

"ನಿಮ್ಮಪ್ಪ ಓಗಿ ಐದು ವರ್ಸ ಆಯ್ತು. ಇನ್ನೂ ಅಸಿಯಾಗೇ ಅದಲ್ಲೋ?"

ಅಪ್ಪ ತಲೆಯೆತ್ತದೆ ನನಗೆ, "ಸೀಮೆಎಣ್ಣೆ ತತ್ತಾ ಮಗ," ಎಂದರು. ಡಬ್ಬಿ ಅವರ ಪಕ್ಕದಲ್ಲೇ ಇತ್ತು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬೇಲಿಯ ಹತ್ತಿರ ಹೋಗಿ ಗಟ್ಟಿಯಾಗಿ ಕೂಗಿದರು:

"ಜವರಮ್ಮಾ, ಮಗೀನೂ ಕರ್ಕೊಂಡು ಬಾರವ್ವ, ಕಾಪಿ ಕಾಯಿಸ್ತೀನಿ."

 ಬೇಲಿಯಾಚೆ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು. ಅಪ್ಪ ಎದ್ದು, ಕೈ ಕೂಡ ತೊಳೆಯದೆ, ಹಿತ್ತಲ ಬಾಗಿಲಿನಿಂದ ಹೊರಟುಹೋದರು.